ಪುಟ್ಟ ಅಕ್ವೇರಿಯಂಗೆ ಎಷ್ಟು ಬೆಳಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಅಕ್ವೇರಿಯಂ ಪ್ರಶ್ನೆಗಳಲ್ಲಿ ಹೆಚ್ಚಿನವು ದೀಪದ ಬಗ್ಗೆಯೇ ಇದ್ದವು. ಒಂದೇ ತೆರನವನ್ನು ಕೂಡಿಸಿ ಉತ್ತರಿಸಿದ್ದೇವೆ. ಲೆಕ್ಕಗಳೆಲ್ಲ ಒಂದರಿಂದ ಎರಡಡಿ ಉದ್ದದ ಸಿಹಿನೀರಿನ ಟ್ಯಾಂಕಿಗೆ ಹೊಂದುವಂಥವು. ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿಗೆ ಇವನ್ನು ಅನ್ವಯಿಸಬೇಡಿ.

ಪ್ರಶ್ನೆ: ನಮ್ಮದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಒಂದು ಅಂಗಡಿಯವರು 10 ವ್ಯಾಟ್ ಲೈಟ್ ಸಾಕು ಅಂದರು, ಇನ್ನೊಬ್ಬರು 36 ವ್ಯಾಟ್ ಇಲ್ಲದೆ ಗಿಡ ಬರಲ್ಲ ಅಂದರು. ಯಾರ ಮಾತು ನಂಬಲಿ? — ದಾವಣಗೆರೆ

ಯಾವ ಗಿಡ ಎಂದು ಕೇಳದೆ ವ್ಯಾಟ್ ಹೇಳಿದ್ದರೆ ಇಬ್ಬರ ಮಾತನ್ನೂ ಬದಿಗಿಡಿ. ವ್ಯಾಟ್ ಅನ್ನುವುದು ದೀಪ ಎಷ್ಟು ಕರೆಂಟು ತಿನ್ನುತ್ತದೆ ಎಂಬ ಲೆಕ್ಕ, ಎಷ್ಟು ಬೆಳಕು ಕೊಡುತ್ತದೆ ಎಂಬುದಲ್ಲ. ಹಳೆಯ ಟ್ಯೂಬ್‌ಲೈಟ್ ಕಾಲದಲ್ಲಿ 'ಲೀಟರಿಗೆ ಅರ್ಧ ವ್ಯಾಟ್' ಎಂಬ ಸೂತ್ರವಿತ್ತು. ಎಲ್‌ಇಡಿಯಲ್ಲಿ ಒಂದು ವ್ಯಾಟಿಗೆ 60 ಲೂಮೆನ್ (ದೀಪ ಹೊರಸೂಸುವ ಬೆಳಕಿನ ಅಳತೆ) ಕೊಡುವ ಕಳಪೆ ಮಾಲೂ ಇದೆ, 120 ಕೊಡುವ ಒಳ್ಳೆ ಮಾಲೂ ಇದೆ. ಹಾಗಾಗಿ ಆ ಸೂತ್ರವನ್ನು ಮರೆತುಬಿಡಿ.

ಲೂಮೆನ್ ಲೆಕ್ಕ ಹಿಡಿಯಿರಿ. ನಿಮ್ಮ ಟ್ಯಾಂಕ್ ಸುಮಾರು 54 ಲೀಟರ್. ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್, ಕ್ರಿಪ್ಟೊಕೊರೈನ್‌ನಂಥ ನೆರಳು ತಾಳುವ ಗಿಡಗಳಿಗೆ ಲೀಟರಿಗೆ 10ರಿಂದ 20 ಲೂಮೆನ್ ಸಾಕು, ಅಂದರೆ ನಿಮ್ಮಲ್ಲಿ 540ರಿಂದ 1,080. ಹೈಗ್ರೊಫಿಲಾ, ವ್ಯಾಲಿಸ್ನೇರಿಯಾ, ಅಮೆಜಾನ್ ಸ್ವೋರ್ಡ್‌ಗೆ 20ರಿಂದ 35. ನೆಲಹಾಸಿನಂತೆ ಹಬ್ಬುವ ಸಣ್ಣ ಗಿಡ, ಕೆಂಪು ಗಿಡಗಳಿಗೆ 40ರ ಆಚೆ; ಆದರೆ ಆಗ ಕಾರ್ಬನ್ ಡೈಆಕ್ಸೈಡ್ ಕೊಡಲೇಬೇಕು. ಗಿಡವೇ ಇಲ್ಲ, ಮೀನು ಕಂಡರೆ ಸಾಕು ಅನ್ನುವವರಿಗೆ ಲೀಟರಿಗೆ 5 ಲೂಮೆನ್ ಕೂಡ ಧಾರಾಳ.

ಇದರ ಪ್ರಕಾರ ಅನುಬಿಯಾಸ್ ಇಟ್ಟವರಿಗೆ ಒಳ್ಳೆಯ 10 ವ್ಯಾಟ್ ಸರಿಯಾಗಿ ಹೊಂದುತ್ತದೆ. 36 ವ್ಯಾಟ್ ಹಾಕಿದರೆ ಒಂದು ತಿಂಗಳಲ್ಲಿ ಎಲೆ ತುಂಬ ಪಾಚಿ. ಸಣ್ಣ ಟ್ಯಾಂಕುಗಳಲ್ಲಿ ಬೆಳಕು ಸಾಲದೆ ಕೆಟ್ಟವುಗಳಿಗಿಂತ ಬೆಳಕು ಹೆಚ್ಚಾಗಿ ಕೆಟ್ಟವೇ ಜಾಸ್ತಿ. ಗಿಡಕ್ಕೆ ಬೆಳಕು ಕೊಂಚ ಕಮ್ಮಿಯಾದರೆ ನಿಧಾನವಾಗಿ ಬೆಳೆಯುತ್ತದೆ, ಅಷ್ಟೇ. ಹೆಚ್ಚಾದರೆ ಗಿಡ ಬಳಸಲಾಗದ ಬೆಳಕನ್ನು ಪಾಚಿ ಬಳಸಿಕೊಳ್ಳುತ್ತದೆ.

ಕೊಳ್ಳುವಾಗ ಡಬ್ಬದ ಮೇಲೆ ಮೂರು ಅಂಕಿ ಹುಡುಕಿ: ಲೂಮೆನ್, ಬಣ್ಣದ ತಾಪ 6,500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು) ಆಸುಪಾಸು, ಸಿಆರ್‌ಐ (ಬಣ್ಣಗಳನ್ನು ದೀಪ ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 80ಕ್ಕಿಂತ ಮೇಲೆ. ಸಿಆರ್‌ಐ 70ರ ದೀಪದಡಿ ಕೆಂಪು ಗಪ್ಪಿಯೂ ಇಟ್ಟಿಗೆಪುಡಿ ಬಣ್ಣಕ್ಕೆ ಕಾಣುತ್ತದೆ. ಲೂಮೆನ್ ಬರೆಯದೆ ಬರೀ ವ್ಯಾಟ್ ಬರೆದ ಲೈಟನ್ನು ಬಿಟ್ಟು ಮುಂದೆ ಹೋಗಿ.

ತೀರಾ ಅಗ್ಗದ ದಾರಿಯೂ ಇದೆ. ಮನೆಗೆ ಹಾಕುವ ಎರಡಡಿಯ 10 ವ್ಯಾಟ್ ಎಲ್‌ಇಡಿ ಬ್ಯಾಟನ್, ಕೂಲ್ ಡೇಲೈಟ್ ಬಣ್ಣದ್ದು, ಸಾಮಾನ್ಯವಾಗಿ 900ರಿಂದ 1,000 ಲೂಮೆನ್ ಕೊಡುತ್ತದೆ. ನೆರಳಿನ ಗಿಡಗಳಿಗೆ ಅದೇ ಆಯಿತು. ಅದು 230 ವೋಲ್ಟಿನದು ಎಂಬುದನ್ನು ಮಾತ್ರ ಮರೆಯಬೇಡಿ. ಪೂರ್ತಿ ಮುಚ್ಚುವ ಗಾಜಿನ ಮೇಲ್ಗಡೆ, ಜಾರದಂತೆ ಕೂರಿಸಬೇಕು. ತೆರೆದ ನೀರಿನ ಮೇಲೆ ತೂಗುಹಾಕುವುದು ಬೇಡವೇ ಬೇಡ.

ಪ್ರಶ್ನೆ: ಇದೇ ಅಳತೆಯ ಟ್ಯಾಂಕಿಗೆ ಎಲ್‌ಇಡಿ ಸ್ಟ್ರಿಪ್ ಬಳಸಿ ನಾನೇ ಲೈಟ್ ಮಾಡಿಕೊಳ್ಳಬೇಕೆಂದಿದ್ದೇನೆ. ಸಾಲ್ಡರಿಂಗ್ ಬರುತ್ತದೆ. ಸಾಮಾನು, ಅಳತೆ ವಿವರವಾಗಿ ತಿಳಿಸಿ. — ಹುಬ್ಬಳ್ಳಿ

ಮಧ್ಯಮ ಬೆಳಕಿನ, ಬೇಕಾದಾಗ ತಗ್ಗಿಸಬಹುದಾದ ಲೈಟಿನ ಲೆಕ್ಕ ಕೊಡುತ್ತೇವೆ.

ಸ್ಟ್ರಿಪ್: 12 ವೋಲ್ಟ್, 2835 ಮಾದರಿ (ಒಂದೊಂದು ಎಲ್‌ಇಡಿ 2.8 × 3.5 ಮಿ.ಮೀ.), ಮೀಟರಿಗೆ 120 ಎಲ್‌ಇಡಿ, ಮೀಟರಿಗೆ 9.6 ವ್ಯಾಟ್, ಬಣ್ಣ 6,500 ಕೆಲ್ವಿನ್. ಇದರಲ್ಲಿ ಮೂರು ಮೂರು ಎಲ್‌ಇಡಿಗಳ ಗುಂಪಿದ್ದು, 2.5 ಸೆಂ.ಮೀ.ಗೊಂದು ಕತ್ತರಿ ಗುರುತು ಇರುತ್ತದೆ. 55 ಸೆಂ.ಮೀ. ಉದ್ದದ ಮೂರು ತುಂಡು ಮಾಡಿಕೊಳ್ಳಿ. ಒಟ್ಟು 1.65 ಮೀಟರ್, 198 ಎಲ್‌ಇಡಿ, ಹತ್ತಿರ ಹತ್ತಿರ 16 ವ್ಯಾಟ್. ಸಾಧಾರಣ ಒಳ್ಳೆಯ ಸ್ಟ್ರಿಪ್ ವ್ಯಾಟಿಗೆ 90 ಲೂಮೆನ್ ಕೊಟ್ಟರೆ 1,400ರಷ್ಟಾಯಿತು, ಲೀಟರಿಗೆ 26.

ಅಡಾಪ್ಟರ್: 16 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ 1.3 ಆಂಪಿಯರ್. ಅಡಾಪ್ಟರಿನ ಮೇಲೆ ಬರೆದ ಶಕ್ತಿಯ ನೂರಕ್ಕೆ ಎಂಬತ್ತನ್ನು ಮೀರಿ ಹೊರೆ ಹಾಕಬಾರದು. ಆದ್ದರಿಂದ 12 ವೋಲ್ಟ್ 2 ಆಂಪಿಯರಿನದು ತನ್ನಿ. ಲ್ಯಾಪ್‌ಟಾಪ್ ಚಾರ್ಜರಿನಂತೆ ಪೂರ್ತಿ ಪ್ಲಾಸ್ಟಿಕ್ ಮುಚ್ಚಿದ, 'ಆರ್' ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿ ಸಂಖ್ಯೆ ಇರುವ ಅಡಾಪ್ಟರ್ ಆಗಿರಲಿ. ಸೀರಿಯಲ್ ಸೆಟ್ಟಿನವರು ಬಳಸುವ, ತೂತು ತೂತಿನ ತಗಡಿನ ಎಸ್‌ಎಂಪಿಎಸ್‌ನಲ್ಲಿ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ) 230 ವೋಲ್ಟಿನ ಸ್ಕ್ರೂಗಳು ಬಯಲಲ್ಲಿರುತ್ತವೆ. ಅದಕ್ಕೆ ನೀರಿನ ಪಕ್ಕ ಜಾಗವಿಲ್ಲ.

ಉಳಿದದ್ದು: 60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು. ಕೆಳಗೆ ನೀರಿನ ಹನಿ ತಡೆಯಲು ಅದೇ ಅಳತೆಯ 3 ಮಿ.ಮೀ. ಪಾರದರ್ಶಕ ಅಕ್ರಿಲಿಕ್; 0.5 ಚದರ ಮಿ.ಮೀ. ಕೆಂಪು, ಕಪ್ಪು ವೈರು; 5.5/2.1 ಮಿ.ಮೀ. ಡಿಸಿ ಸಾಕೆಟ್; 12 ವೋಲ್ಟಿನ ಪಿಡಬ್ಲ್ಯೂಎಂ ಡಿಮ್ಮರ್ (ದೀಪವನ್ನು ಅತಿ ವೇಗವಾಗಿ ಆರಿಸಿ ಹಚ್ಚಿ ಬೆಳಕು ತಗ್ಗಿಸುವ ಸಾಧನ); ಹೀಟ್‌ಶ್ರಿಂಕ್ ಟ್ಯೂಬು; ಪಾಲಿಇಮೈಡ್ ಟೇಪು, ಅದೇ ಕಂದು-ಹಳದಿ ಬಣ್ಣದ ಶಾಖ ತಾಳುವ ಟೇಪು. ಬೆಂಗಳೂರಿಗೆ ಹೋಗುವವರಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಅಲ್ಯೂಮಿನಿಯಂ ತಗಡನ್ನು ಮಾತ್ರ ನಿಮ್ಮೂರಿನ ಕಿಟಕಿ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕೇಳಿ, ಉಳಿಕೆ ತುಂಡು ತೂಕದ ಲೆಕ್ಕದಲ್ಲಿ ಕೊಡುತ್ತಾರೆ.

ಮೊದಲು ಸ್ಟ್ರಿಪ್ಪನ್ನು ಅಂಟಿಸದೆ ಅಡಾಪ್ಟರಿಗೆ ಕೊಟ್ಟು, ಮಲ್ಟಿಮೀಟರಿನಲ್ಲಿ ಆಂಪಿಯರ್ ಅಳೆಯಿರಿ. ಮೂರೂ ಸಾಲು ಸೇರಿ 1.3 ಬರಬೇಕಾದಲ್ಲಿ 0.8 ಬಂದರೆ, ನಿಮಗೆ ಕೊಟ್ಟದ್ದು 9.6 ವ್ಯಾಟಿನ ಮಾಲಲ್ಲ, 6 ವ್ಯಾಟಿನದು. ಇದು ಅಪರೂಪವೇನಲ್ಲ. ಕತ್ತರಿಸಿದ ಸಾಲನ್ನು ಅಂಗಡಿಯವರು ವಾಪಸು ತಗೊಳ್ಳುವುದಿಲ್ಲವಾದ್ದರಿಂದ, ಕತ್ತರಿಸುವ ಮುನ್ನ ಒಂದು ಮೀಟರ್ ಉದ್ದವನ್ನಾದರೂ ಅಳೆದುಕೊಂಡರೆ ಜಾಣತನ.

ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಎಣ್ಣೆ ಪಸೆಯಿದ್ದರೆ ಸ್ಟ್ರಿಪ್ಪಿನ ಅಂಟು ಒಂದು ಬೇಸಿಗೆ ದಾಟುವುದಿಲ್ಲ. ಮೂರು ಸಾಲುಗಳನ್ನು 3 ಸೆಂ.ಮೀ. ಅಂತರದಲ್ಲಿ ಅಂಟಿಸಿ. ಹೆಚ್ಚಿನವರ ಲೈಟ್ ಮೊದಲ ದಿನವೇ ಕೈಕೊಡುವುದು ಸ್ಟ್ರಿಪ್ಪಿನ ಕತ್ತರಿಸಿದ ಅಂಚಿನಿಂದ. ಅಲ್ಲಿ ತಾಮ್ರ ಬಯಲಾಗಿರುತ್ತದೆ, ಅದು ಅಲ್ಯೂಮಿನಿಯಂಗೆ ತಾಗಿದರೆ ನೇರ ಶಾರ್ಟ್. ಪ್ರತಿ ಸಾಲಿನ ಎರಡೂ ತುದಿಯ ಅಡಿಗೆ ಮೊದಲೇ ಪಾಲಿಇಮೈಡ್ ಟೇಪಿನ ತುಣುಕು ಹಾಕಿ, ಅದರ ಮೇಲೆ ಸ್ಟ್ರಿಪ್ ಕೂರಿಸಿ. ಸಾಲ್ಡರ್ ಮಾಡುವಾಗ ಕಾವು 350 ಡಿಗ್ರಿ ಆಸುಪಾಸು, ಒಂದೊಂದು ಬೆಸುಗೆಗೆ ಎರಡು ಮೂರು ಸೆಕೆಂಡು. ಇನ್ನೂ ಹೊತ್ತು ಹಿಡಿದರೆ ತಾಮ್ರದ ಪ್ಯಾಡೇ ಎದ್ದು ಬರುತ್ತದೆ.

ಮೂರು ಸಾಲುಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಜೋಡಿಸದೆ, ಪ್ರತಿಯೊಂದಕ್ಕೂ ಪ್ರತ್ಯೇಕ ಕೆಂಪು, ಕಪ್ಪು ವೈರು ಎಳೆದು ಒಂದೆಡೆ ಸೇರಿಸಿ. ಮುಂದೆ ಒಂದು ಸಾಲು ಕೆಟ್ಟರೆ ಉಳಿದೆರಡು ಉರಿಯುತ್ತಿರುತ್ತವೆ. ಡಿಮ್ಮರಿನ ಸ್ಥಾನ ಅಡಾಪ್ಟರ್ ಮತ್ತು ಸ್ಟ್ರಿಪ್ಪಿನ ನಡುವೆ. ಗೋಡೆಯ ಫ್ಯಾನ್ ರೆಗ್ಯುಲೇಟರಿಗೆ ಅಡಾಪ್ಟರ್ ಸಿಕ್ಕಿಸಿ ಬೆಳಕು ತಗ್ಗಿಸಲು ಹೋದರೆ ಅಡಾಪ್ಟರೇ ಸುಡಬಹುದು.

ಕರೆಂಟು ಕೊಡುವ ಮೊದಲು ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಒಂದು ಕಡ್ಡಿ ತಗಡಿಗೆ, ಇನ್ನೊಂದು ಮೊದಲು ಪ್ಲಸ್‌ಗೆ, ಆಮೇಲೆ ಮೈನಸ್‌ಗೆ ತಾಗಿಸಿ. ಎರಡರಲ್ಲೂ ಸದ್ದು ಬರಬಾರದು. ನಂತರ ನೆಲದ ಮೇಲೆಯೇ ನಾಲ್ಕೈದು ಗಂಟೆ ಉರಿಸಿ. ತಗಡಿನ ಬೆನ್ನಿಗೆ ಅಂಗೈ ಇಟ್ಟು ಐದು ಸೆಕೆಂಡು ತಾಳಲಾದರೆ ಶಾಖದ ಚಿಂತೆಯಿಲ್ಲ. ಮೂರು ಎಲ್‌ಇಡಿ ಒಟ್ಟಿಗೆ ಆರಿದ್ದರೆ ಆ ಗುಂಪಿನಲ್ಲಿ ಒಂದು ಸತ್ತಿದೆ ಎಂದರ್ಥ, ಅಷ್ಟು ತುಂಡನ್ನು ಮಾತ್ರ ಬದಲಿಸಿ.

ಲೈಟನ್ನು ನೀರಿನಿಂದ 6ರಿಂದ 8 ಸೆಂ.ಮೀ. ಮೇಲಿಡಿ. ನೀರಿಗೆ ತೀರಾ ಹತ್ತಿರವಾದರೆ ಮೂಲೆಗಳು ಕತ್ತಲು, ದೂರವಾದರೆ ಅರ್ಧ ಬೆಳಕು ನಿಮ್ಮ ಕಣ್ಣಿಗೇ. ಮೊದಲ ತಿಂಗಳು ಡಿಮ್ಮರನ್ನು ಅರ್ಧಕ್ಕಿಂತ ಮೇಲೆ ತಿರುಗಿಸಬೇಡಿ. ಪೂರ್ತಿ ಬೆಳಕಿನಲ್ಲಿ ದಿನಕ್ಕೆ 8 ಗಂಟೆ ಉರಿದರೂ ತಿಂಗಳಿಗೆ ನಾಲ್ಕು ಯುನಿಟ್ ದಾಟುವುದಿಲ್ಲ.

ಪ್ರಶ್ನೆ: ಸ್ಟ್ರಿಪ್ ಬದಲು 1 ವ್ಯಾಟಿನ ದೊಡ್ಡ ಎಲ್‌ಇಡಿಗಳನ್ನು ಬಳಸಬಹುದೇ? ಡ್ರೈವರ್ ಯಾವುದು? — ತುಮಕೂರು

ಬಳಸಬಹುದು. ಟ್ಯಾಂಕ್ ಒಂದೂವರೆ ಅಡಿಗಿಂತ ಆಳವಿದ್ದರೆ, ಮೇಲೆ ಲೆನ್ಸ್ ಹಾಕಿ ಬೆಳಕನ್ನು ತಳಕ್ಕೆ ಇಳಿಸಲು ಇವೇ ಮೇಲು. ಒಂದಡಿ ಆಳಕ್ಕಾದರೆ ಅಷ್ಟು ಪಾಡು ಬೇಡ.

ಸ್ಟ್ರಿಪ್ಪಿನಲ್ಲಿ ಮೂರು ಎಲ್‌ಇಡಿಗೊಂದು ರೆಸಿಸ್ಟರ್ ಇದ್ದು, ಕರೆಂಟನ್ನು ಅದು ಹಿಡಿದಿಡುತ್ತದೆ. ಬಿಡಿ ಎಲ್‌ಇಡಿಗೆ ಆ ಕಾವಲಿಲ್ಲ. ವೋಲ್ಟೇಜ್ ಸ್ವಲ್ಪ ಏರಿದರೂ ಕರೆಂಟು ವಿಪರೀತ ಏರುತ್ತದೆ, ಎಲ್‌ಇಡಿ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನಷ್ಟು ಕರೆಂಟು ಎಳೆಯುತ್ತದೆ. ಅದಕ್ಕೇ ಕರೆಂಟನ್ನು ಸ್ಥಿರವಾಗಿಡುವ ಡ್ರೈವರ್ ಬೇಕು. ಹತ್ತು ಎಲ್‌ಇಡಿಗಳನ್ನು ಸಾಲಾಗಿ, ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಜೋಡಿಸಿದರೆ ಒಂದೊಂದಕ್ಕೆ 3.2ರಂತೆ ಒಟ್ಟು 32 ವೋಲ್ಟ್. '8ರಿಂದ 12 × 1 ವ್ಯಾಟ್, 300 ಮಿಲಿಆಂಪಿಯರ್' ಎಂದು ಬರೆದ ಡ್ರೈವರ್ ಇದಕ್ಕೆ ಸರಿ.

ಮೂರು ಎಚ್ಚರ. ಡ್ರೈವರ್ 'ಐಸೊಲೇಟೆಡ್' ಆಗಿರಲೇಬೇಕು. ಅಗ್ಗದ ನಾನ್-ಐಸೊಲೇಟೆಡ್ ಡ್ರೈವರಿನಲ್ಲಿ ಹೊರಬರುವ ವೈರಿಗೂ ಮನೆಯ ಫೇಸಿಗೂ ನೇರ ಸಂಪರ್ಕವಿರುತ್ತದೆ. 32 ವೋಲ್ಟ್ ಎಂದು ಮುಟ್ಟಿದವರಿಗೆ 230ರ ಹೊಡೆತ ಬೀಳುತ್ತದೆ. ಎರಡನೆಯದು, ಡ್ರೈವರಿಗೆ ಕರೆಂಟು ಕೊಟ್ಟಾದ ಮೇಲೆ ಎಲ್‌ಇಡಿ ತಾಗಿಸಬೇಡಿ. ಹೊರೆಯಿಲ್ಲದ ಡ್ರೈವರಿನ ಕೆಪಾಸಿಟರಿನಲ್ಲಿ ಗರಿಷ್ಠ ವೋಲ್ಟೇಜ್ ತುಂಬಿಕೊಂಡಿರುತ್ತದೆ, ತಾಗಿಸಿದ ಕ್ಷಣಕ್ಕೆ ಎಲ್‌ಇಡಿ ಹೋಗುತ್ತದೆ. ಎಲ್ಲ ಜೋಡಿಸಿ ಕಡೆಗೆ ಪ್ಲಗ್. ಮೂರನೆಯದು, ಪ್ರತಿ ಎಲ್‌ಇಡಿಯ ಅಡಿಗೆ ಥರ್ಮಲ್ ಪೇಸ್ಟ್ ಹಚ್ಚಿ ರೆಕ್ಕೆಗಳಿರುವ ಹೀಟ್‌ಸಿಂಕಿಗೆ ಸ್ಕ್ರೂ ಮಾಡಿ. ಪೇಸ್ಟನ್ನು ದೋಸೆಗೆ ಬೆಣ್ಣೆ ಹಚ್ಚಿದಂತೆ ಹಚ್ಚಬಾರದು, ತೆಳುವಾದ ಪೊರೆ ಸಾಕು.

50 ವ್ಯಾಟಿನ ಚೌಕಾಕಾರದ ಬಿಲ್ಲೆಗೆ ನೇರ 230 ವೋಲ್ಟ್ ಕೊಡುವ 'ಡ್ರೈವರ್ ಬೇಡದ' ಎಲ್‌ಇಡಿ ಅಗ್ಗವಾಗಿ ಸಿಗುತ್ತದೆ. ಅಕ್ವೇರಿಯಂ ಇರುವ ಕೋಣೆಗೇ ಅದನ್ನು ತರಬೇಡಿ.

ಪ್ರಶ್ನೆ: ಲೈಟ್ ಹಾಕಿರುವಾಗ ನೀರಿಗೆ ಕೈ ಇಟ್ಟರೆ ಜುಮ್ಮೆನ್ನುತ್ತದೆ. ಎಂಸಿಬಿ ಇದೆಯಲ್ಲ, ಭಯವಿಲ್ಲ ತಾನೆ? — ಹಾಸನ

ಭಯವಿದೆ. ಈಗಲೇ ಎಲ್ಲ ಪ್ಲಗ್ಗುಗಳನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಆರಿದ ಸ್ವಿಚ್ಚಿನಲ್ಲೂ ಫೇಸ್ ಉಳಿದಿರುತ್ತದೆ.

ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್, ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 6 ಆಂಪಿಯರಿನ ಎಂಸಿಬಿ ಬೀಳಬೇಕಾದರೆ 6 ಆಂಪಿಯರಿಗೂ ಮಿಕ್ಕಿ ಹರಿಯಬೇಕು. ಮನುಷ್ಯನ ಜೀವಕ್ಕೆ ಅದರ ನೂರರಲ್ಲೊಂದು ಪಾಲು ಸಾಕು. ನಿಮಗೆ ಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಅಷ್ಟು ಕರೆಂಟು ಸೋರಿದರೂ ಸಂಪರ್ಕ ಕಡಿಯುವ ಸ್ವಿಚ್. ಮನೆಗೆ ಅರ್ಥಿಂಗ್ ಸರಿಯಿದೆಯೇ ಎಂದೂ ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಆರ್‌ಸಿಸಿಬಿ ಮೇಲಿನ 'ಟಿ' ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ಪರೀಕ್ಷಿಸಿ.

ಜುಮ್ಮೆನ್ನುವುದಕ್ಕೆ ಲೈಟೇ ಕಾರಣವಾಗಿರಬೇಕೆಂದಿಲ್ಲ. ಗಾಜು ಬಿರಿದ ಹೀಟರ್, ವೈರಿನ ಸಿಪ್ಪೆ ಒಡೆದ ಫಿಲ್ಟರ್ ಪಂಪು, ನಾನ್-ಐಸೊಲೇಟೆಡ್ ಡ್ರೈವರ್, ಈ ಮೂರರಲ್ಲಿ ಒಂದಿರುವ ಸಂಭವ ಹೆಚ್ಚು. ಪತ್ತೆಗೆ ಕೈ ಬಳಸಬೇಡಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ನೀರಿಗೆ, ಇನ್ನೊಂದನ್ನು ಸಾಕೆಟ್ಟಿನ ಅರ್ಥ್ ಪಿನ್ನಿಗೆ ತಾಗಿಸಿ, ಒಂದೊಂದೇ ಉಪಕರಣಕ್ಕೆ ಕರೆಂಟು ಕೊಡುತ್ತ ಬನ್ನಿ. ಯಾವುದನ್ನು ಹಾಕಿದಾಗ ಓದು ಜಿಗಿಯಿತೋ ಅದನ್ನು ಎಸೆಯಿರಿ. ದುರಸ್ತಿಗೆ ಹೋಗಬೇಡಿ. ಒಳ್ಳೆಯ ಅಡಾಪ್ಟರ್ ಇದ್ದರೂ ಮೀಟರ್ ಕೆಲವು ಹತ್ತು ವೋಲ್ಟ್ ತೋರಿಸಬಹುದು, ಅದು ಅಡಾಪ್ಟರಿನೊಳಗಿನ ಸಣ್ಣ ಕೆಪಾಸಿಟರಿನ ಸೋರಿಕೆ. ಆದರೆ ಕೈಗೆ ಗೊತ್ತಾಗುವ ಮಟ್ಟಿಗಿದ್ದರೆ ಅದನ್ನು ಹುಸಿ ಎಂದು ತಳ್ಳಿಹಾಕಬೇಡಿ.

ಇನ್ನೊಂದು: ಪ್ರತಿ ವೈರೂ ಸಾಕೆಟ್ಟಿಗೆ ಏರುವ ಮೊದಲು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತುಬಿದ್ದಿರಲಿ. ವೈರಿನುದ್ದಕ್ಕೂ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಪ್ರಶ್ನೆ: ಟೈಮರ್ ಹಾಕಿದ್ದೇನೆ, ದಿನಕ್ಕೆ 10 ಗಂಟೆ ಲೈಟ್. ಆದರೂ ರಾತ್ರಿ ಎರಡು ಗಂಟೆಗೆ ಎದ್ದರೆ ಲೈಟ್ ಉರಿಯುತ್ತಿರುತ್ತದೆ. ಗಾಜಿನ ಮೇಲೆ ಹಸಿರು ಚುಕ್ಕೆ, ಎಲೆಗಳ ಮೇಲೆ ಕೂದಲಿನಂಥ ಪಾಚಿ. — ಶಿರಸಿ

ನಿಮ್ಮದು ಸುತ್ತಲೂ 96 ಗುಂಡಿಗಳಿರುವ, ತಿರುಗುವ ಬಿಲ್ಲೆಯ ಟೈಮರ್ ಇರಬೇಕು. ಒಂದೊಂದು ಗುಂಡಿ 15 ನಿಮಿಷ. ಅದರೊಳಗಿನ ಮೋಟಾರು ತಿರುಗುವುದು ಕರೆಂಟಿನಿಂದಲೇ. ನಾಲ್ಕು ಗಂಟೆ ಕರೆಂಟು ಹೋದರೆ ಅದರ ಗಡಿಯಾರ ನಾಲ್ಕು ಗಂಟೆ ಹಿಂದೆ ಬೀಳುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ವಾರದೊಳಗೆ ಹಗಲು ರಾತ್ರಿಯೇ ಅದಲುಬದಲು. ಒಳಗೆ ಸಣ್ಣ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ತನ್ನಿ. ಮೊದಲ ಬಾರಿ ಕೆಲವು ಗಂಟೆ ಸಾಕೆಟ್ಟಿನಲ್ಲಿಟ್ಟು ಬ್ಯಾಟರಿ ತುಂಬಿಸಿ, ಆಮೇಲೆ ಸಮಯ ಹೊಂದಿಸಿ.

10 ಗಂಟೆ ಹೆಚ್ಚಾಯಿತು. 6ಕ್ಕೆ ಇಳಿಸಿ. ಮೂರು ವಾರ ಪಾಚಿ ಹೆಚ್ಚದಿದ್ದರೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸುತ್ತ 8ಕ್ಕೆ ನಿಲ್ಲಿಸಿ. ಸಂಜೆ ಮನೆಯಲ್ಲಿದ್ದು ನೋಡುವವರು ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರವರೆಗೆ ಇಟ್ಟುಕೊಳ್ಳಬಹುದು, ಬೆಳಿಗ್ಗೆಯೇ ಹಾಕಬೇಕೆಂಬ ಕಟ್ಟಳೆಯಿಲ್ಲ. ಕಿಟಕಿಯ ಬಿಸಿಲು ಟ್ಯಾಂಕಿಗೆ ನೇರ ಬೀಳುತ್ತಿದ್ದರೆ ಟೈಮರಿನ ಲೆಕ್ಕವೆಲ್ಲ ವ್ಯರ್ಥ.

ಕೂದಲು ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ತೆಗೆಯಿರಿ, ವಾರಕ್ಕೆ ಮೂರರಲ್ಲೊಂದು ಪಾಲು ನೀರು ಬದಲಿಸಿ. ಗಾಜಿನ ಹಸಿರು ಚುಕ್ಕೆ ಬ್ಲೇಡಿಗೆ ಮಾತ್ರ ಬಗ್ಗುತ್ತದೆ. ನೀರೇ ಹಸಿರಾಗಿದ್ದರೆ ಟ್ಯಾಂಕಿಗೆ ಕಂಬಳಿ ಹೊದಿಸಿ ಮೂರು ನಾಲ್ಕು ದಿನ ಪೂರ್ತಿ ಕತ್ತಲು ಮಾಡಿ, ಗಾಳಿ ಪಂಪು ಮಾತ್ರ ನಿಲ್ಲಿಸಬೇಡಿ. ಹೊಸ ಟ್ಯಾಂಕಿನಲ್ಲಿ ಎರಡನೇ ವಾರದ ಹೊತ್ತಿಗೆ ಕಾಣುವ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದಕ್ಕೆ ದೀಪ ಕಾರಣವಲ್ಲ, ಬಟ್ಟೆಯಲ್ಲಿ ಒರೆಸುತ್ತಿದ್ದರೆ ತಾನಾಗಿ ಹೋಗುತ್ತದೆ.

ಪ್ರಶ್ನೆ: ಗಿಡ ಬೆಳೆಸಲು ನೇರಳೆ ಬಣ್ಣದ 'ಗ್ರೋ ಲೈಟ್' ಒಳ್ಳೆಯದೇ? — ಮೈಸೂರು

ಗಿಡಕ್ಕೆ ಕೆಟ್ಟದ್ದಲ್ಲ, ನೋಡುವವರಿಗೆ ಕೆಟ್ಟದ್ದು. ಕೆಂಪು, ನೀಲಿ ಬೆಳಕನ್ನು ಎಲೆ ಹೆಚ್ಚು ಹೀರುತ್ತದೆ ಎಂಬುದನ್ನು ಹಿಡಿದು ಆ ಎರಡೇ ಬಣ್ಣ ಹಾಕಿದ ದೀಪ ಅದು. ಹಸಿರು ಬೆಳಕನ್ನೂ ಎಲೆ ತಕ್ಕಮಟ್ಟಿಗೆ ಬಳಸುತ್ತದೆ. ಬಿಳಿ ಎಲ್‌ಇಡಿಯ ಒಳಗಿರುವುದೇ ನೀಲಿ ಎಲ್‌ಇಡಿ, ಅದರ ಮೇಲೆ ಫಾಸ್ಫರ್ ಎಂಬ ಪುಡಿಯ ಹಳದಿ ಲೇಪ. ನೀಲಿಯ ಒಂದಷ್ಟು ಪಾಲನ್ನು ಆ ಲೇಪ ಹಸಿರು, ಹಳದಿ, ಕೆಂಪಿಗೆ ಮಾರ್ಪಡಿಸುತ್ತದೆ. ಹೀಗಾಗಿ 6,500 ಕೆಲ್ವಿನ್ನಿನ ಬಿಳಿಯಲ್ಲಿ ಗಿಡಕ್ಕೆ ಬೇಕಾದ್ದೆಲ್ಲ ಇದೆ. (ಈ ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೇ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂದದ್ದು.) ಮೀನಿನ ಕೆಂಪು ಎದ್ದು ಕಾಣಬೇಕೆಂದರೆ ಬಿಳಿಯ ಮೂರು ಸಾಲಿನ ನಡುವೆ 3,000 ಕೆಲ್ವಿನ್ನಿನ ಬೆಚ್ಚನೆ ಬಣ್ಣದ ಒಂದು ಸಣ್ಣ ತುಂಡು ಸೇರಿಸಿ.

ಪ್ರಶ್ನೆ: ನಾನೇ ಮಾಡಿದ ಲೈಟ್ ಎಂಟು ತಿಂಗಳಿಗೆ ಕೆಟ್ಟಿತು. ಬಿಚ್ಚಿದರೆ ಬೆಸುಗೆಯೆಲ್ಲ ಹಸಿರುಗಟ್ಟಿದೆ. ಸಿಲಿಕೋನ್ ಹಾಕಿ ಮುಚ್ಚಿದ್ದೆ. — ಮಂಗಳೂರು

ಕಿಲುಬು ಹಿಡಿದದ್ದಕ್ಕೆ ಕಡಲ ಗಾಳಿಯಷ್ಟೇ ಆ ಸಿಲಿಕೋನೂ ಕಾರಣವಿರಬಹುದು. ಟ್ಯಾಂಕಿನ ಗಾಜು ಅಂಟಿಸುವ ಸಾಮಾನ್ಯ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ. ಗಾಜಿಗೆ ಅದು ಒಳ್ಳೆಯದೇ, ತಾಮ್ರಕ್ಕೆ ಶತ್ರು. ಎಲೆಕ್ಟ್ರಿಕ್ ಬೆಸುಗೆಗೆ ಟ್ಯೂಬಿನ ಮೇಲೆ 'ನ್ಯೂಟ್ರಲ್ ಕ್ಯೂರ್' ಎಂದಿರುವುದನ್ನೇ ಕೇಳಿ ತನ್ನಿ.

ಮುಂದಿನ ಸಲ ಬೆಸುಗೆಯ ಫ್ಲಕ್ಸನ್ನು ಆಲ್ಕೋಹಾಲಿನಿಂದ ತೊಳೆದು, ಒಣಗಿದ ಮೇಲೆ ಸರ್ಕ್ಯೂಟ್ ಬೋರ್ಡಿಗೆ ಹೊಡೆಯುವ ಅಕ್ರಿಲಿಕ್ ಲ್ಯಾಕರನ್ನು ಬೆಸುಗೆಯ ಮೇಲೆ ಎರಡು ಪದರ ಹಚ್ಚಿ, ನಂತರ ನ್ಯೂಟ್ರಲ್ ಸಿಲಿಕೋನ್. ತವರ ಲೇಪಿತ ತಾಮ್ರದ ವೈರು, ಸ್ಟೇನ್‌ಲೆಸ್ ಸ್ಕ್ರೂ ಬಳಸಿ. ಸ್ಟ್ರಿಪ್ ಕೊಳ್ಳುವಾಗಲೇ ಐಪಿ67 ದರ್ಜೆಯ (ಧೂಳು, ನೀರು ಒಳಹೋಗದ), ಸಿಲಿಕೋನ್ ಕೊಳವೆಯೊಳಗಿನದನ್ನು ಆರಿಸಬಹುದು. ಆದರೆ ಕೊಳವೆಯೊಳಗಿನ ಶಾಖ ತಗಡಿಗೆ ಸರಿಯಾಗಿ ಇಳಿಯುವುದಿಲ್ಲ, ಅಂಥದ್ದನ್ನು ಡಿಮ್ಮರಿನಲ್ಲಿ ಮುಕ್ಕಾಲಿಗೆ ಇಟ್ಟು ಓಡಿಸಿ. ಟ್ಯಾಂಕಿಗೆ ಮುಚ್ಚುಗಾಜು ಇದ್ದರೆ ಈ ಅರ್ಧ ತಾಪತ್ರಯವೇ ಇರುವುದಿಲ್ಲ.

ಪ್ರಶ್ನೆ: ಇಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ. ಎಲ್‌ಇಡಿಯಿಂದ ನೀರು ಇನ್ನೂ ಕಾಯುತ್ತದೆಯೇ? — ಕಲಬುರಗಿ

ಲೆಕ್ಕ ಹಾಕಿ ನೋಡಿ. 16 ವ್ಯಾಟಿನ ದೀಪ 8 ಗಂಟೆ ಉರಿದು, ಅದರ ಶಕ್ತಿಯಷ್ಟೂ 45 ಲೀಟರ್ ನೀರಿಗೇ ಹೋಗಿ, ಒಂದಿನಿತೂ ಹೊರಗೆ ಹೋಗದೆ ಉಳಿದರೂ ನೀರು ಏರುವುದು ಎರಡೂವರೆ ಡಿಗ್ರಿ. ನಿಜದಲ್ಲಿ ಶಾಖದ ಬಹುಪಾಲು ತಗಡಿನ ಮೂಲಕ ಮೇಲಿನ ಗಾಳಿಗೆ ಹೋಗುತ್ತದೆ. ನೀರು ಕಾಯುವುದು ಕೋಣೆಯಿಂದ. ಕಂಪ್ಯೂಟರಿನ 12 ವೋಲ್ಟ್ ಫ್ಯಾನೊಂದನ್ನು ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಇಟ್ಟರೆ ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಿಮ್ಮೂರಿನ ಒಣಹವೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯಲ್ಲಿ ಇಷ್ಟಿಲ್ಲ. ಆವಿಯಾದಷ್ಟು ನೀರನ್ನು ದಿನಾ ತುಂಬಿ. ಬಿಸಿಯಿಂದ ಕೆಡುವುದು ಎಲ್‌ಇಡಿಯೇ. ಏಪ್ರಿಲ್, ಮೇ ಎರಡು ತಿಂಗಳು ಮುಚ್ಚಳದೊಳಗಿನ ಲೈಟನ್ನು 70 ಪ್ರತಿಶತಕ್ಕೆ ತಗ್ಗಿಸಿ, ಸಂಜೆಯ ಹೊತ್ತು ಮಾತ್ರ ಹಾಕಿ.

ಪ್ರಶ್ನೆ: ಬೆಳಕು ಸರಿಯಿದೆಯೇ ಎಂದು ಫೋನಿನಲ್ಲಿ ಅಳೆಯಬಹುದೇ? ಲೈಟ್ ಹಾಕಿದ ಹೊಸದರಲ್ಲಿ ಇದ್ದ ಬೆಳಕು ಈಗಿಲ್ಲ ಅನ್ನಿಸುತ್ತದೆ. — ಬೆಂಗಳೂರು

ಅಂದಾಜಿಗೆ ಅಳೆಯಬಹುದು. ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಮೀಟರ್ ಆ್ಯಪ್ ಹಾಕಿಕೊಂಡು, ನೀರು ತುಂಬುವ ಮುನ್ನ ಖಾಲಿ ಟ್ಯಾಂಕಿನ ತಳದಲ್ಲಿ ಫೋನ್ ಮಲಗಿಸಿ ನಡುವೆ, ನಾಲ್ಕು ಮೂಲೆಯಲ್ಲಿ ಓದಿಕೊಳ್ಳಿ. ಬಿಳಿ ಎಲ್‌ಇಡಿಗೆ ಲಕ್ಸ್ ಅಂಕಿಯನ್ನು 70ರಿಂದ ಭಾಗಿಸಿದರೆ ಪಾರ್ ಮಾಪನ, ಅಂದರೆ ಗಿಡ ಬಳಸಬಲ್ಲ ಬೆಳಕಿನ ಲೆಕ್ಕ, ಸುಮಾರಾಗಿ ಸಿಗುತ್ತದೆ. 2,000 ಲಕ್ಸ್ ಎಂದರೆ 30ರ ಹತ್ತಿರ, ನೆರಳಿನ ಗಿಡಗಳಿಗೆ ಅದು ಸಾಕು. 50 ದಾಟಿದರೆ ಕಾರ್ಬನ್ ಡೈಆಕ್ಸೈಡ್ ಬಗ್ಗೆ ಯೋಚಿಸಿ. ಫೋನಿನಿಂದ ಫೋನಿಗೆ ಅಂಕಿ ವ್ಯತ್ಯಾಸವಾಗುತ್ತದೆ, ಹಾಗಾಗಿ ಒಂದೇ ಫೋನಿನಲ್ಲಿ ಅಳೆದು ಹೋಲಿಸಿ. ನೇರಳೆ ದೀಪಕ್ಕೆ ಈ ಭಾಗಾಕಾರ ನಡೆಯದು.

ಬೆಳಕು ಕುಗ್ಗಿದ್ದಕ್ಕೆ ಎಲ್‌ಇಡಿಯನ್ನು ದೂರುವ ಮೊದಲು ಮುಚ್ಚುಗಾಜನ್ನು ನೋಡಿ. ಬೋರ್‌ವೆಲ್ ನೀರಿನ ಸುಣ್ಣದ ಬಿಳಿ ಪದರ ಕಟ್ಟಿರುತ್ತದೆ. ಗಾಜನ್ನು ಹೊರತೆಗೆದು ವಿನೆಗರ್ ಅಥವಾ ನಿಂಬೆರಸ ಸವರಿ, ಹತ್ತು ನಿಮಿಷ ಬಿಟ್ಟು ತೊಳೆದಿಡಿ. ತಿಂಗಳಿಗೊಮ್ಮೆ ಮಾಡಿದರೆ ಸಾಕು. ಮರದ ಬೇರಿನಿಂದ ನೀರು ಚಹಾ ಬಣ್ಣಕ್ಕೆ ತಿರುಗಿದ್ದರೂ ತಳಕ್ಕೆ ಬೆಳಕು ಇಳಿಯುವುದಿಲ್ಲ.

ಪ್ರಶ್ನೆ: ಕೆಂಪು ರೊಟಾಲಾ ತಂದರೆ ಹದಿನೈದು ದಿನಕ್ಕೆ ಹಸಿರಾಗಿ, ಕೆಳಗಿನ ಎಲೆ ಉದುರುತ್ತದೆ. ಇನ್ನಷ್ಟು ಲೈಟ್ ಬೇಕೇ? — ಉಡುಪಿ

ಲೈಟೊಂದನ್ನೇ ಏರಿಸಿದರೆ ಪಾಚಿ ಬರುತ್ತದೆ. ಈ ಗಿಡಗಳಲ್ಲಿ ಹೆಸರಾದ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದೇ, ಆದರೆ ಟ್ಯಾಂಕಿನಲ್ಲಿ ಅದಕ್ಕೆ ಬೆಳಕಿನ ಜೊತೆಗೆ ಕಾರ್ಬನ್ ಡೈಆಕ್ಸೈಡ್, ಕಬ್ಬಿಣ, ಮೆದು ನೀರು ಮೂರೂ ಬೇಕು. ಒಂದು ಸಾಲದಿದ್ದರೂ ಉಳಿದವು ದಂಡ. ಸಿಲಿಂಡರ್ ಇಡುವ ಮನಸ್ಸಿಲ್ಲದಿದ್ದರೆ ಲಗೆನಾಂಡ್ರಾ ಮೀಬೋಲ್ಡಿಯ ಕೆಂಪು ತಳಿ ಹುಡುಕಿ. ಪಶ್ಚಿಮ ಘಟ್ಟದ ಗಿಡ, ಕಡಿಮೆ ಬೆಳಕಿನಲ್ಲೂ ತಾಮ್ರಗೆಂಪು ಉಳಿಸಿಕೊಳ್ಳುತ್ತದೆ. ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಳ್ಳಿ, ಕಾಡಿನ ಹಳ್ಳದಿಂದ ಕೀಳಬೇಡಿ.

ಪ್ರಶ್ನೆ: ರಾತ್ರಿಯಿಡೀ ನೀಲಿ 'ಮೂನ್‌ಲೈಟ್' ಹಾಕಿಟ್ಟರೆ ಬೆಟ್ಟಾ ಮೀನಿಗೆ ತೊಂದರೆಯೇ? — ವಿಜಯಪುರ

ತೊಂದರೆಯೇ. ಮೀನಿಗೆ ರೆಪ್ಪೆಯಿಲ್ಲ, ಅದಕ್ಕೂ ಕತ್ತಲೆ ಬೇಕು. ಪಾಚಿಗೂ ನೀಲಿ ಬೆಳಕು ಊಟವೇ. ಮಲಗುವ ಮುನ್ನ ಒಂದು ಗಂಟೆ ಹಾಕಿ ನೋಡಿ, ಆಮೇಲೆ ಆರಿಸಿ. ಬೆಳಿಗ್ಗೆ ಮಾತ್ರ ಕತ್ತಲಿನಿಂದ ಒಮ್ಮೆಲೇ ಪೂರ್ತಿ ಬೆಳಕಿಗೆ ತರಬೇಡಿ. ಮೀನು ಬೆಚ್ಚಿ ಹಾರಿ ಮುಚ್ಚಳಕ್ಕೆ ಬಡಿದುಕೊಳ್ಳುತ್ತದೆ. ಮೊದಲು ಕೋಣೆಯ ಲೈಟ್ ಹಾಕಿ, ಹತ್ತು ನಿಮಿಷ ಬಿಟ್ಟು ಟ್ಯಾಂಕಿನದು ಹಾಕಿ.